ಮೆಡಿಕಲ್ ಜರ್ನಲ್‌ನ ವಿಶೇಷ ಸಂಚಿಕೆಗೆ ಗೆಸ್ಟ್ ಎಡಿಟರ್ (ಆ ಒಂದು ಸಂಚಿಕೆಗೆ ಮಾತ್ರ ಹೊರಗಿನ ಸಂಪಾದಕ) ಆಗಿ, ವಿಷಯ ನೀವೇ ಆರಿಸಿಕೊಳ್ಳಿ ಎಂದು ಮೇಲ್ ಬಂದಿದೆ. ಒಪ್ಪಿಕೊಳ್ಳಲೋ, ಬೇರೆ ಜರ್ನಲ್‌ಗೆ ನಾನೇ ಪ್ರೊಪೋಸಲ್ ಕಳಿಸಲೋ?

ಹಾವು ಕಡಿತದ ಮೇಲೆ ಸಂಚಿಕೆ ತರಬೇಕು, ಹದಿನೈದು ಜನ ಬರೆಯುತ್ತೇನೆ ಎಂದಿದ್ದಾರೆ ಅಂದಿದ್ದೀರಿ. ಯಾವ ಜರ್ನಲ್ ಅನ್ನೋದು ಆಮೇಲಿನ ಮಾತು. ಆ ಹದಿನೈದರಲ್ಲಿ ಎಷ್ಟು ಜನರ ಹತ್ತಿರ ಡ್ರಾಫ್ಟ್ ಇದೆ? ಇದೊಂದನ್ನು ಕೇಳದೆ ನನ್ನ ಸಂಚಿಕೆ ಅರ್ಧಕ್ಕೇ ನಿಂತಿತು.

ನನ್ನದೂ ಇದೇ ವಿಷಯ. ಹನ್ನೆರಡು ಜನ ಫೋನಿನಲ್ಲೋ, ಕಾನ್ಫರೆನ್ಸಿನ ಊಟದ ಹೊತ್ತಿನಲ್ಲೋ ಹೂಂ ಅಂದರು. ಅದನ್ನೇ 12 ಲೇಖನ ಎಂದು ಪ್ರೊಪೋಸಲ್‌ನಲ್ಲಿ ಬರೆದೆ. ಜರ್ನಲ್‌ನವರ ಷರತ್ತು ಕನಿಷ್ಠ 8. ಕೊನೆಯ ದಿನಕ್ಕೆ ಬಂದದ್ದು 5. ಅದರಲ್ಲಿ ಮೂರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿದ ರಿವ್ಯೂ ಲೇಖನಗಳಷ್ಟೇ, ಮೂರರಲ್ಲೂ ಅವೇ ನಾಲ್ಕು ಹಾವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಪಶ್ಚಿಮ ಘಟ್ಟದ ಹಂಪ್-ನೋಸ್ಡ್ ಪಿಟ್ ವೈಪರ್ ಕಡಿದರೆ ಆ ನಾಲ್ಕರ ವಿಷಕ್ಕೆಂದೇ ಮಾಡಿದ ನಮ್ಮ ಪಾಲಿವೇಲೆಂಟ್ ಆಂಟಿವೆನಮ್ ನಾಟುವುದಿಲ್ಲ. ಆ ಸಂಚಿಕೆ ಬೇಕಾಗಿದ್ದದ್ದೇ ಅದಕ್ಕೆ, ಅದರ ಬಗ್ಗೆ ಒಂದು ಸಾಲೂ ಬರಲಿಲ್ಲ.

ಮಾತು ಕೊಟ್ಟವರು ಸುಳ್ಳು ಹೇಳಿರಲಿಲ್ಲ. ಒಬ್ಬರಿಗೆ ಎಥಿಕ್ಸ್ ಕಮಿಟಿ ಅನುಮತಿ ಬಂದಿರಲಿಲ್ಲ. ಇನ್ನೊಬ್ಬರ ಕೇಸ್ ಶೀಟುಗಳು ರೆಕಾರ್ಡ್ ರೂಮಿನಲ್ಲೇ ಇದ್ದವು, ಎಂಟ್ರಿ ಆಗಿರಲಿಲ್ಲ. ಇಂಥದ್ದು ನಾಲ್ಕು ತಿಂಗಳಲ್ಲಿ ಲೇಖನ ಆಗುವುದಿಲ್ಲ. ಇದಕ್ಕೆಲ್ಲ ಪೆಟ್ಟು ತಿಂದವರು ಸಮಯಕ್ಕೆ ಸರಿಯಾಗಿ ಕಳಿಸಿದವರು. ಒಬ್ಬ ಪಿಜಿ ವಿದ್ಯಾರ್ಥಿನಿಯ ಥೀಸಿಸ್ ಲೇಖನ ತಜ್ಞರ ಪರಿಶೀಲನೆ (ರಿವ್ಯೂ) ಮುಗಿದ ಮೇಲೂ ಉಳಿದವಕ್ಕಾಗಿ ಏಳು ತಿಂಗಳು ಕಾಯಿತು. ಕೊನೆಗೆ ಸಂಚಿಕೆ ಕೈಬಿಟ್ಟು, ಅದು ಮಾಮೂಲಿ ಸಂಚಿಕೆಗೆ ಹೋಯಿತು.

ಹಾಗಾಗಿ ಈ ವಾರವೇ ಹದಿನೈದೂ ಜನರಿಗೆ ಮೇಲ್ ಹಾಕಿ: ಶೀರ್ಷಿಕೆ, 250 ಪದದ ಸಾರಾಂಶ, ಎಥಿಕ್ಸ್ ಅನುಮತಿ ಸಂಖ್ಯೆ, ಡೇಟಾ ಯಾವ ಹಂತದಲ್ಲಿದೆ, ಸಹಲೇಖಕರೆಲ್ಲರ ಒಪ್ಪಿಗೆ. ಎರಡು ವಾರ ಗಡುವು. ಡ್ರಾಫ್ಟ್ ಇದ್ದರೆ ಒಂದು ಎಂದು ಎಣಿಸಿ, ಡೇಟಾ ಮಾತ್ರ ಇದ್ದರೆ ಅರ್ಧ, ಬರೀ ಐಡಿಯಾ ಇದ್ದರೆ ಸೊನ್ನೆ. ಮೊತ್ತ 8 ದಾಟದಿದ್ದರೆ ಪ್ರೊಪೋಸಲ್ ಬೇಡ, ಒಂದು ವರ್ಷ ತಡೆಯಿರಿ.

ದಾಟಿದರೆ ಪ್ರೊಪೋಸಲ್ ಎರಡು ಪುಟ ಸಾಕು. ಈಗಲೇ ಯಾಕೆ ಅನ್ನುವುದನ್ನು ಮೊದಲ ಪ್ಯಾರಾದಲ್ಲೇ ಹೇಳಿ: ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಮಾಡಿತು. ಆಮೇಲೆ ಉಪವಿಷಯಗಳು, ಲೇಖಕರು, ವೇಳಾಪಟ್ಟಿ. ಸಲ್ಲಿಕೆಗೆ 4 ತಿಂಗಳು, ರಿವ್ಯೂಗೆ 3, ತಿದ್ದುಪಡಿಗೆ 2, ಒಟ್ಟು 9 ತಿಂಗಳು; ತಡವಾಗುವುದನ್ನೂ ಸೇರಿಸಿ ಒಂದು ವರ್ಷ ಹಿಡಿಯಿರಿ. ಒಬ್ಬರೇ ಎಡಿಟರ್ ಆಗಬೇಡಿ. ಬೇರೆ ಬೇರೆ ಕಾಲೇಜಿನ ಇಬ್ಬರು ಮೂವರು ಇರಲಿ, ಅವರಲ್ಲಿ ಒಬ್ಬರು ಟಾಕ್ಸಿನಾಲಜಿ (ಪ್ರಾಣಿಗಳ ವಿಷದ ಅಧ್ಯಯನ) ಯವರು.

ನಿಮ್ಮದೋ ನಿಮ್ಮ ಡಿಪಾರ್ಟ್‌ಮೆಂಟಿನವರದೋ ಲೇಖನ ಬಂದರೆ ನೀವು ಮುಟ್ಟಲೇಬೇಡಿ, ಜರ್ನಲ್‌ನ ಖಾಯಂ ಎಡಿಟರ್‌ಗೆ ದಾಟಿಸಿ. ಗೆಸ್ಟ್ ಎಡಿಟರ್‌ಗಳ ಸ್ವಂತ ಲೇಖನ ಸಂಚಿಕೆಯ ಶೇ. 25 ಮೀರಬಾರದು ಅನ್ನುವುದು ಡಿಒಎಜೆ (ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಜರ್ನಲ್‌ಗಳ ಪಟ್ಟಿ) ನಿಯಮ. ಒಂದು ಲೇಖನಕ್ಕೆ ಇಬ್ಬರು ರಿವ್ಯೂವರ್ ಸಿಗಬೇಕಾದರೆ ಆರೇಳು ಜನರನ್ನು ಕೇಳಬೇಕಾಗುತ್ತದೆ, ಎಲ್ಲರಿಗೂ ಒಂದೇ ದಿನ ಕಳಿಸದೆ ಮೂರು ಮೂರರಂತೆ ಕಳಿಸಿ. ಲೇಖಕರೇ ಸೂಚಿಸಿದ ರಿವ್ಯೂವರ್ ಜಿಮೇಲ್ ವಿಳಾಸ ಕೊಟ್ಟಿದ್ದರೆ, ಆ ಹೆಸರಿನವರು ಕೆಲಸ ಮಾಡುವ ಸಂಸ್ಥೆಯ ವಿಳಾಸ ಹುಡುಕಿ ಅಲ್ಲಿಗೇ ಬರೆಯಿರಿ. ನಕಲಿ ರಿವ್ಯೂಗಳು ನುಸುಳುವ ಒಂದು ದಾರಿ ಇದು.

ಇನ್ನು ನಿಮಗೆ ಬಂದಿರುವ ಮೇಲ್. ನನ್ನನ್ನು ಕೇಳಿದರೆ ಬೇಡ. ವಿಷಯ ನೀವೇ ಆರಿಸಿಕೊಳ್ಳಿ ಎಂದು ಕರೆಯುವವರಿಗೆ ಬೇಕಿರುವುದು ನಿಮ್ಮ ಸಂಪರ್ಕಗಳು, ಆ ಮೂಲಕ ಬರುವ ಪ್ರಕಟಣಾ ಶುಲ್ಕ. 2021ರಲ್ಲಿ ವೈಲಿ ಕಂಪನಿ ಕೊಂಡುಕೊಂಡ ಹಿಂದಾವಿ ಎಂಬ ಜರ್ನಲ್ ಪ್ರಕಾಶನ ಸಂಸ್ಥೆ 2023ರಲ್ಲಿ 8,000ಕ್ಕೂ ಹೆಚ್ಚು ಲೇಖನ ವಾಪಸ್ ಪಡೆಯಿತು, ಹೆಚ್ಚಿನವು ವಿಶೇಷ ಸಂಚಿಕೆಗಳವೇ. ಆ ಬ್ರ್ಯಾಂಡ್ ಹೆಸರೇ ಹೋಯಿತು, ಅದರ ಜೊತೆ ಪ್ರಾಮಾಣಿಕವಾಗಿ ಬರೆದವರ ಲೇಖನಗಳಿಗೂ ಮಸಿ ಹತ್ತಿತು.

ಪ್ರೊಪೋಸಲ್ ಒಪ್ಪಿದ ಜರ್ನಲ್‌ನಿಂದ ಎರಡು ಮಾತು ಬರಹದಲ್ಲಿ ಪಡೆಯಿರಿ. ಶುಲ್ಕ ಎಷ್ಟು, ಸರ್ಕಾರಿ ಕಾಲೇಜಿನ ಲೇಖಕರಿಗೆ ರಿಯಾಯಿತಿ ಎಷ್ಟು ಅನ್ನುವುದು ಒಂದು. ಒಪ್ಪಿಗೆಯಾದ ಲೇಖನ ಉಳಿದವಕ್ಕೆ ಕಾಯದೆ ಆಗಲೇ ಆನ್‌ಲೈನ್‌ಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಈ ಎರಡನೆಯದಕ್ಕೆ ಒಪ್ಪದವರ ಹತ್ತಿರ ನಿಮ್ಮ ವಿದ್ಯಾರ್ಥಿಗಳ ಲೇಖನ ಕೊಡಬೇಡಿ.