ಆಟಿ ಪಾಯಸದ ಮರುದಿನ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಸಲಹೆ ಕೇಳಲು ನನ್ನ ಹತ್ತಿರ ಬರುವ ಚಿಕ್ಕ ಮಕ್ಕಳ ತಾಯಂದಿರು ಜಾಸ್ತಿಯಾಗುತ್ತಾರೆ. ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ದಿನವಿಡೀ ಕಿರುಚ್ತೀನಿ. ರಾತ್ರಿ ಅವು ಮಲಗಿದ ಮೇಲೆ ಮುಖ ನೋಡ್ಕೊಂಡು ಅಳ್ತೀನಿ."

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಕ್ಕಳನ್ನು ಹೊರಗೆ ಬಿಡೋಣ ಅಂದರೆ ಮಳೆ, ಜಿಗಣೆ. ಒಳಗೆ ಇಟ್ಟುಕೊಳ್ಳೋಣ ಅಂದರೆ ಕರೆಂಟಿಲ್ಲ. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟರೆ ಶಾಲೆಯೂ ಇಲ್ಲ, ಅಂಗನವಾಡಿಯೂ ಇಲ್ಲ. ಪಕ್ಕದ ಮನೆಗೆ ಕಳಿಸೋಣ ಅಂದರೆ ತೋಟದ ಮನೆಗಳಿಗೆ ಪಕ್ಕದ ಮನೆ ಅಂತಲೇ ಇರುವುದಿಲ್ಲ.

ಇಂತಹ ಹತ್ತಾರು ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕೊಟ್ಟ ಮೊದಲ ಸಲಹೆ ತಪ್ಪಾಗಿತ್ತು. ಅದೇ ಸಲಹೆಯನ್ನು ಇವತ್ತಿಗೂ ಎಷ್ಟೋ ಕಡೆ ಕೊಡುತ್ತಾರೆ. ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಸುಧಾ ಎಂದು ಕರೆಯುತ್ತೇನೆ.

ಸುಧಾ ಮಂಡ್ಯ ಕಡೆಯವರು. ಮದುವೆಯಾಗಿ ಮಡಿಕೇರಿ ತಾಲ್ಲೂಕಿನ ಒಂದು ಕಾಫಿ ತೋಟದ ಮನೆಗೆ ಬಂದು ಆರು ವರ್ಷ. ನಾಲ್ಕೂವರೆ ವರ್ಷದ ಮಗ, ಹದಿನಾಲ್ಕು ತಿಂಗಳ ಮಗಳು. ಗಂಡ ತೋಟ ನೋಡಿಕೊಳ್ಳುತ್ತಾರೆ. ಅತ್ತೆ ಜೊತೆಗಿದ್ದಾರೆ, ಒಳ್ಳೆಯವರು, ಆದರೆ ಮೊಣಕಾಲು ನೋವು. ಮಗುವಿನ ಹಿಂದೆ ಓಡುವ ಕೆಲಸ ಪೂರ್ತಿ ಸುಧಾ ಅವರದ್ದೇ.

ಮೊದಲ ದಿನ ನಾನು ಕೇಳಿದ್ದು ನಿದ್ದೆ, ಊಟ, ಮನಸ್ಸಿನ ಭಾರದ ಬಗ್ಗೆ. ತನಗೋ ಮಗುವಿಗೋ ಏನಾದರೂ ಮಾಡಿಬಿಡೋಣ ಅನ್ನಿಸುತ್ತದಾ ಅಂತಲೂ ನೇರವಾಗಿ ಕೇಳಿದೆ. ಚಿಕ್ಕ ಮಗು ಇರುವ ಯಾವ ತಾಯಿ ಬಂದರೂ ಇದನ್ನು ಕೇಳದೆ ನಾನು ಮುಂದೆ ಹೋಗುವುದಿಲ್ಲ. ಹೆರಿಗೆಯ ನಂತರದ ಖಿನ್ನತೆ ಬಾಣಂತನದ ಮೂರು ತಿಂಗಳಿಗೇ ಮುಗಿಯುವ ವಿಷಯವಲ್ಲ. ಹಾಗೆ ಅನ್ನಿಸುವವರು ಇದನ್ನು ಓದುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಸುಧಾ ಅವರಿಗೆ ಖಿನ್ನತೆ ಇರಲಿಲ್ಲ. ಸುಸ್ತಾಗಿತ್ತು. ಅವರ ಸಿಟ್ಟೆಲ್ಲ ಒಂದು ಕಡೆ ಬಂದು ನಿಂತಿತ್ತು: ಬಟ್ಟೆ.

"ನಮ್ಮಮ್ಮ ಬೆಳಿಗ್ಗೆ ಒಗೆದು ಹರವಿದರೆ ಮಧ್ಯಾಹ್ನಕ್ಕೆ ಗರಿಗರಿ. ಇಲ್ಲಿ ಒಂದು ಚಡ್ಡಿ ಒಣಗೋಕೆ ಮೂರು ದಿನ ಬೇಕು ಮೇಡಂ. ಒಲೆ ಮೇಲೆ ತಂತಿ ಕಟ್ಟಿ ಹಾಕಿದರೆ ಹೊಗೆ ವಾಸನೆ. ಒಳಗೆ ಹಾಕಿದರೆ ಬೂಷ್ಟು. ಇವನು ದಿನಕ್ಕೆ ನಾಲ್ಕು ಜೊತೆ ಕೊಳೆ ಮಾಡ್ತಾನೆ. ತಂಗಿ ಹುಟ್ಟಿದ ಮೇಲೆ ಒಂದೊಂದು ಸಲ ಚಡ್ಡಿಯಲ್ಲೇ ಉಚ್ಚೆ ಬೇರೆ."

ನಾನು ಒಂದು ಚಾರ್ಟ್ ಮಾಡಲು ಹೇಳಿದೆ. ಬಟ್ಟೆ ಒದ್ದೆಯಾಗದೆ, ಕೊಳೆಯಾಗದೆ ಕಳೆದ ದಿನಕ್ಕೆ ಒಂದು ಸ್ಟಾರ್ ಸ್ಟಿಕ್ಕರ್. ಚಾರ್ಟ್ ಪೂರ್ತಿ ತುಂಬಿದರೆ ಆಟದ ಟ್ರ್ಯಾಕ್ಟರ್. ಹದಿನೈದು ದಿನ ಬಿಟ್ಟು ಬಂದಾಗ ಸುಧಾ ಮುಖದಲ್ಲಿ ನಗು. "ಮ್ಯಾಜಿಕ್ ಮೇಡಂ! ಒಂದು ಚಡ್ಡಿ ಒದ್ದೆ ಇಲ್ಲ." ಚಾರ್ಟಿನ ಫೋಟೋ ತೋರಿಸಿದರು. ಸಾಲು ಸಾಲು ಹಳದಿ ಸ್ಟಾರ್. ನನಗೂ ಖುಷಿಯಾಯಿತು.

ಮೂರನೆಯ ಸಲ ಅವರು ಬಂದದ್ದು ಆಗಸ್ಟ್ ಮೊದಲ ವಾರದಲ್ಲಿ, ಆಟಿ 18 ಕಳೆದ ಮೇಲೆ.

ಹೊರಗಿನ ಓದುಗರಿಗಾಗಿ ಒಂದು ಮಾತು. ಕೊಡವರು ಕಕ್ಕಡ ಎನ್ನುವ, ಅರೆಭಾಷೆಯವರು ಆಟಿ ಎನ್ನುವ ತಿಂಗಳ ಹದಿನೆಂಟನೆಯ ದಿನ ಇಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಸಾಮಾನ್ಯವಾಗಿ ಅದು ಆಗಸ್ಟ್ 3. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. ಎಲೆಯನ್ನು ನೀರಿನಲ್ಲಿ ಕುದಿಸಿದರೆ ಕಡು ನೇರಳೆ ರಸ ಬಿಡುತ್ತದೆ, ಮನೆ ತುಂಬ ಪರಿಮಳ. ಆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಸೊಪ್ಪಿನ ಬಣ್ಣ ಅಷ್ಟೇ, ತಾನಾಗಿ ಹೋಗುತ್ತದೆ. ಇಲ್ಲಿ ದೊಡ್ಡವರಿಗೆಲ್ಲ ಇದು ಗೊತ್ತು. (ಸೊಪ್ಪು, ಬೀಟ್‌ರೂಟ್ ಯಾವುದೂ ತಿನ್ನದೆ ಮಗುವಿನ ಮೂತ್ರ ಕೆಂಪಾದರೆ, ಜ್ವರ ಅಥವಾ ಉರಿ ಇದ್ದರೆ, ಕಾಯಬೇಡಿ, ಡಾಕ್ಟರಿಗೆ ತೋರಿಸಿ.)

ಆ ಮನೆಯಲ್ಲಿ ನಾಲ್ಕೂವರೆ ವರ್ಷದವನಿಗೆ ಯಾರೂ ಹೇಳಿರಲಿಲ್ಲ. ಹೋದ ವರ್ಷ ಅವನು ಬರೀ ಒಂದು ಚಮಚ ತಿಂದಿದ್ದ. ಈ ವರ್ಷ ಎರಡು ಬಟ್ಟಲು.

ಸುಧಾ ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ಮರುದಿನ ಬೆಳಿಗ್ಗೆ ಒಂದು ಸಲ ಬಚ್ಚಲಿಗೆ ಹೋಗಿ ಬಂದ. ಆಮೇಲೆ ಹೋಗಲೇ ಇಲ್ಲ. ನೀರು ಕೊಟ್ಟರೆ ಬೇಡ ಅಂದ. ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಹೊಟ್ಟೆ ಹಿಡ್ಕೊಂಡು ಮೂಲೆಯಲ್ಲಿ ಕೂತಿದ್ದ. ಬಾ ಉಚ್ಚೆ ಮಾಡಿಸ್ತೀನಿ ಅಂತ ಎತ್ತಿಕೊಂಡರೆ ಕೈ ಕಾಲು ಒದ್ದುಕೊಂಡ. ನನ್ನ ಮೈಮೇಲೇ ಆಗಿಹೋಯ್ತು. ನನ್ನ ತಿಳಿ ಹಳದಿ ನೈಟಿ ಮೇಲೆ ಕೆಂಪು. ನಾನು ಬಾಯಿ ತೆಗೆಯೋಕೆ ಮುಂಚೆ ಅವನೇ ಅಂದ ಮೇಡಂ, 'ಅಮ್ಮಾ ಬೈಬೇಡ, ಬಟ್ಟೆ ಕಲೆ ಮಾಡ್ಲಿಲ್ಲ ನಾನು. ಕಲೆ ನನ್ನ ಒಳಗೇ ಆಗ್ಬಿಟ್ಟಿದೆ.'"

ಇಷ್ಟು ಹೇಳಿ ಸುಧಾ ಸುಮ್ಮನಾದರು. ಆಮೇಲೆ ಉಳಿದದ್ದನ್ನು ಹೇಳಿದರು.

ಅಳು ನಿಂತ ಮೇಲೆ ಅವನು ಅಮ್ಮನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದನಂತೆ. "ಇನ್ನೂ ಇದೆ, ತೋರಿಸ್ತೀನಿ" ಎಂದನಂತೆ. ಹಂಡೆ ಒಲೆಯ ಪಕ್ಕ ಮಳೆಗಾಲಕ್ಕೆಂದು ಒಟ್ಟಿದ ಸೌದೆ. ಅದರ ಹಿಂದೆ ಕೈ ಹಾಕಿ ಒಂದೊಂದೇ ಎಳೆದ. ಮೂರು ಚಡ್ಡಿ, ಒಂದು ಬನಿಯನ್. ಉಂಡೆ ಮಾಡಿ ತುರುಕಿದ್ದ. ಮೇಲೆಲ್ಲ ಬಿಳಿ ಬೂಷ್ಟು, ಒಂದರಲ್ಲಿ ಸೌದೆಯ ತೊಗಟೆ ಅಂಟಿಕೊಂಡಿತ್ತು. ನಾಲ್ಕು ದಿನದಿಂದ ಅತ್ತೆ ಸೊಸೆ ಇಬ್ಬರೂ ಆ ವಾಸನೆ ಎಲ್ಲಿಂದ ಎಂದು ಹುಡುಕುತ್ತಿದ್ದರು. ಇಲಿ ಸತ್ತಿರಬೇಕು ಅಂದುಕೊಂಡಿದ್ದರು.

"ಈ ಚಡ್ಡಿಗಳನ್ನು ಯಾವಾಗಿಂದ ಅಲ್ಲಿ ಇಟ್ಟಿದ್ದಾನೆ?" ಎಂದು ಕೇಳಿದೆ.

ಸುಧಾ ಲೆಕ್ಕ ಹಾಕಿದರು. ಫೋನ್ ತೆಗೆದು ಚಾರ್ಟಿನ ಫೋಟೋ ನೋಡಿದರು. ಏನೂ ಹೇಳದೆ ಫೋನನ್ನು ನನ್ನ ಕಡೆ ತಿರುಗಿಸಿದರು.

ನನ್ನ ಚಾರ್ಟ್ ಅವನಿಗೆ ಉಚ್ಚೆ ನಿಲ್ಲಿಸುವುದನ್ನು ಕಲಿಸಿರಲಿಲ್ಲ. ಬಚ್ಚಿಡುವುದನ್ನು ಕಲಿಸಿತ್ತು. ನಾನು ಬಹುಮಾನ ಇಟ್ಟಿದ್ದು ಅವನ ಕೈಯಲ್ಲಿಲ್ಲದ ವಿಷಯಕ್ಕೆ. ತಂಗಿ ಬಂದ ಮೇಲೆ ಹಿಡಿತ ತಪ್ಪಿದ ಮಗು ಅದು. ಆಟದಲ್ಲಿ ಮುಳುಗಿದಾಗ ಈ ವಯಸ್ಸಿನ ಮಕ್ಕಳಿಗೆ ಮೈಮರೆಯುತ್ತದೆ. ಒದ್ದೆಯಾಗುವುದನ್ನು ಅವನು ತಡೆಯಲಾರ, ಒದ್ದೆ ಚಡ್ಡಿಯನ್ನು ಅಡಗಿಸಬಲ್ಲ. ಸ್ಟಾರ್ ಬೇಕು ಅಂದರೆ ಅವನಿಗಿದ್ದ ದಾರಿ ಅದೊಂದೇ. ಸುಧಾ ನನ್ನನ್ನು ದೂರಲಿಲ್ಲ. ನಾನೇ ಅವರಿಗೆ ಹೇಳಿದೆ, "ಈ ತಪ್ಪು ನಿಮ್ಮದಲ್ಲ, ನನ್ನದು." ಒಂದು ದಿನವಿಡೀ ನೀರು ಕುಡಿಯದೆ, ಉಚ್ಚೆ ಹಿಡಿದುಕೊಂಡು ಕೂತ ಆ ಮಗು ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ. ಹಾಗೆ ಹಿಡಿದುಕೊಳ್ಳುವುದು ಅಭ್ಯಾಸವಾದರೆ ಮಲಬದ್ಧತೆ, ಮೂತ್ರದ ಸೋಂಕು ಎಲ್ಲ ಶುರುವಾಗುತ್ತವೆ.

ಆ ದಿನ ಕೊಟ್ಟ ಸಲಹೆಯಲ್ಲಿ ದೊಡ್ಡದೇನೂ ಇರಲಿಲ್ಲ. ಚಾರ್ಟ್ ತೆಗೆಯಿರಿ, ಆದರೆ ನೀನು ಸೋತೆ ಅನ್ನುವ ಹಾಗೆ ತೆಗೆಯಬೇಡಿ. ಟ್ರ್ಯಾಕ್ಟರ್ ಕೊಟ್ಟುಬಿಡಿ, ಅಡಗಿಸಿದ್ದನ್ನು ತಾನಾಗಿ ತೋರಿಸಿದ್ದಕ್ಕೆ. ಬಚ್ಚಲ ಬಾಗಿಲಲ್ಲಿ ಒಂದು ಬಕೆಟ್ ಇಡಿ. ಒದ್ದೆಯಾದ, ಕೆಸರಾದ ಬಟ್ಟೆ ಯಾರದ್ದೇ ಇರಲಿ, ಅದರಲ್ಲಿ ಹಾಕುವುದು. ಹಾಕಿದವರನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಮಳೆ ಸ್ವಲ್ಪ ಬಿಟ್ಟಾಗ ದಿನಕ್ಕೆ ಅರ್ಧ ಗಂಟೆ ಅವನಿಗೆ ಹಳೇ ಬಟ್ಟೆ ಹಾಕಿ ಅಂಗಳದ ನೀರಿಗೆ ಬಿಡಿ, ಬಂದ ಮೇಲೆ ಕಾಲಿಗೆ ಜಿಗಣೆ ಹತ್ತಿದೆಯಾ ನೋಡಿ. ಸಂಜೆಯ ಸ್ನಾನ ಅಪ್ಪನ ಕೆಲಸ.

ಈ ಬಕೆಟ್ ವಿಷಯಕ್ಕೆ ನನ್ನನ್ನು ಬಹಳ ಜನ ಪ್ರಶ್ನೆ ಮಾಡಿದ್ದಾರೆ. ಮೊದಲು ಕೇಳಿದ್ದು ಸುಧಾ ಅವರ ಅತ್ತೆ. ನಾಲ್ಕನೆಯ ಸಲ ಅವರೂ ಬಂದಿದ್ದರು. "ಅಲ್ಲಮ್ಮ, ಕೇಳೋದೇ ಬೇಡ ಅಂದರೆ ಮಗು ಕಲಿಯೋದು ಯಾವಾಗ? ನಾವು ಮಕ್ಕಳನ್ನು ಸಾಕಿಲ್ವಾ?"

ಸಾಕಿದ್ದಾರೆ, ಚೆನ್ನಾಗಿಯೇ ಸಾಕಿದ್ದಾರೆ. ಆದರೆ ಅವರ ಕಾಲದಲ್ಲಿ ಒಂದು ಮನೆಯಲ್ಲಿ ಆರೇಳು ದೊಡ್ಡವರು. ಒಬ್ಬರು ಬೈದರೆ ಮಗು ಇನ್ನೊಬ್ಬರ ಮಡಿಲಿಗೆ ಓಡುತ್ತಿತ್ತು. ಈಗ ಬೈಯುವವಳೂ ಅಮ್ಮನೇ, ಓಡಿ ಹೋಗಿ ಅಪ್ಪಿಕೊಳ್ಳಬೇಕಾದವಳೂ ಅಮ್ಮನೇ. ಆ ಎರಡನೆಯ ಬಾಗಿಲು ಮುಚ್ಚಿದರೆ ಮಗು ಸೌದೆ ಹಿಂದೆ ಹೋಗುತ್ತದೆ. ಇವತ್ತು ಅಡಗಿಸಿದ್ದು ಚಡ್ಡಿ. ನಾಳೆ ಶಾಲೆಯಲ್ಲಿ ಯಾರಾದರೂ ಹೊಡೆದರೆ, ಮುಟ್ಟಬಾರದ ಕಡೆ ಮುಟ್ಟಿದರೆ, ಅದನ್ನೂ ಅಡಗಿಸುತ್ತದೆ. ಶಿಸ್ತು ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಬಟ್ಟೆಯನ್ನು ಬಕೆಟ್ಟಿಗೆ ತಂದು ಹಾಕುವುದೇ ನಾಲ್ಕೂವರೆ ವರ್ಷಕ್ಕೆ ದೊಡ್ಡ ಶಿಸ್ತು ಅಲ್ವಾ?

ಇನ್ನೊಂದು ಪ್ರಶ್ನೆ, ಕಿರುಚಬೇಡಿ ಅಂತ ಸುಧಾ ಅವರಿಗೆ ಯಾಕೆ ಹೇಳಲಿಲ್ಲ? ಬೇಕೆಂದೇ ಹೇಳಲಿಲ್ಲ. ರಾತ್ರಿ ಮೂರು ಸಲ ಎದ್ದು ಹಾಲು ಕುಡಿಸಿ, ಹಗಲು ಒದ್ದೆ ಬಟ್ಟೆ ಜೊತೆ ಹೆಣಗುವ ಹೆಂಗಸಿಗೆ ಆ ಮಾತು ಹೇಳಿದರೆ ಅವರ ಮನಸ್ಸಿನಲ್ಲೂ ಒಂದು ಸ್ಟಾರ್ ಚಾರ್ಟ್ ನೇತುಹಾಕಿದ ಹಾಗೆ. ಕಿರುಚಿದ ದಿನ ಅವರೂ ಅದನ್ನು ನನ್ನಿಂದ ಬಚ್ಚಿಡುತ್ತಾರೆ. ನಾನು ಹೇಳಿದ್ದು ಇಷ್ಟೇ: ಕಿರುಚಿದರೆ, ತಣ್ಣಗಾದ ಮೇಲೆ ಮಗುವಿನ ಹತ್ತಿರ ವಾಪಸ್ ಹೋಗಿ. "ಅಮ್ಮನಿಗೆ ಸಿಟ್ಟು ಬಂದಿತ್ತು, ಜೋರು ಮಾತಾಡಿದೆ, ತಪ್ಪಾಯ್ತು" ಅನ್ನಿ. ರಾತ್ರಿ ಮಲಗಿದ ಮಗುವಿನ ಮುಖ ನೋಡಿ ಅತ್ತರೆ ಅದು ಮಗುವಿಗೆ ಗೊತ್ತಾಗುವುದಿಲ್ಲ. ಎದ್ದಿರುವಾಗಲೇ ಹೇಳಬೇಕು.

ಇದು ನನ್ನ ಸ್ವಂತ ಕಲ್ಪನೆಯಲ್ಲ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಒಂದು ಪ್ರಯೋಗ ಮಾಡಿದರು. ಕೂಸಿನ ಜೊತೆ ನಕ್ಕು ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ನೆ ಕೂರಬೇಕು. ಕೂಸು ನಗುತ್ತದೆ, ಕೈ ಚಾಚುತ್ತದೆ, ಅಮ್ಮನನ್ನು ಮತ್ತೆ ಎಳೆಯಲು ನೋಡುತ್ತದೆ, ಆಗದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ನಿಧಾನವಾಗಿ ಸರಿಹೋಗುತ್ತದೆ. ತಾಯಿ ಮಗು ನಡುವೆ ತಂತು ತಪ್ಪುವುದು ದಿನನಿತ್ಯದ ಸಂಗತಿ, ಮತ್ತೆ ಜೋಡಿಸಿಕೊಳ್ಳುವುದೇ ಮುಖ್ಯ ಎನ್ನುವುದು ಟ್ರೋನಿಕ್ ಅವರ ಮಾತಿನ ಸಾರ. ತಪ್ಪೇ ಮಾಡದ ತಾಯಿಯನ್ನು ನಾನು ಇನ್ನೂ ನೋಡಿಲ್ಲ. ವಾಪಸ್ ಬಂದ ತಾಯಂದಿರನ್ನು ಬೇಕಾದಷ್ಟು ನೋಡಿದ್ದೇನೆ.

ರಾತ್ರಿ ಹಾಸಿಗೆ ಒದ್ದೆಯ ಬಗ್ಗೆಯೂ ಅತ್ತೆಗೆ ಚಿಂತೆ ಇತ್ತು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಒದ್ದೆ ಮಾಡುತ್ತಾರೆ, ಅಪ್ಪ ಅಮ್ಮನಿಗೆ ಇದ್ದಿದ್ದರೆ ಮಕ್ಕಳಿಗೂ ಬರುವುದು ಜಾಸ್ತಿ ಎಂದೆ. ಅಜ್ಜಿ ಒಂದು ಕ್ಷಣ ಯೋಚಿಸಿ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದರು. "ನನ್ನ ಮಗ ಏಳು ವರ್ಷದವರೆಗೂ ಮಾಡ್ತಿದ್ದ!" ಸುಧಾ ಅತ್ತೆಯ ಮುಖ ನೋಡಿದರು. ಆರು ವರ್ಷದಲ್ಲಿ ಯಾರೂ ಈ ವಿಷಯ ಹೇಳಿರಲಿಲ್ಲ.

ಅಂದೇ ಸಂಜೆ ಆ ಮನೆಯಲ್ಲಿ ನಡೆದದ್ದನ್ನು ಸುಧಾ ಆಮೇಲೆ ಫೋನಿನಲ್ಲಿ ಹೇಳಿದರು. ಅಜ್ಜಿ ಮೊಮ್ಮಗನನ್ನು ಕೂರಿಸಿಕೊಂಡು ಮದ್ದು ಸೊಪ್ಪಿನ ಕಥೆ ಹೇಳಿದರಂತೆ. ನಂದೂ ಕೆಂಪು, ನಿನ್ನ ಅಪ್ಪಂದೂ ಕೆಂಪು, ಊರಿನವರದ್ದೆಲ್ಲ ಕೆಂಪು ಎಂದರಂತೆ. ಅವನು ಎಲ್ಲರ ಹೆಸರೂ ಹಿಡಿದು ಕೇಳಿದನಂತೆ. ಡ್ರೈವರ್ ಮಾಮಂದು? ಅಂಗನವಾಡಿ ಟೀಚರ್‌ದು? ನಾಯಿದು? ನಾಯಿಗೆ ಪಾಯಸ ಹಾಕಿಲ್ಲ ಅಂದಾಗ ಪಾಪ ಅಂದನಂತೆ. ಹೊರಗೆ ಕಪ್ಪೆ ಕೂಗುತ್ತಿದ್ದವು, ಕರೆಂಟಿರಲಿಲ್ಲ, ಒಲೆ ಮುಂದೆ ಎಲ್ಲರೂ ಕೂತು ನಕ್ಕರಂತೆ. ಚಿಕ್ಕವಳು ಏನೂ ಅರ್ಥವಾಗದೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳಂತೆ.

ಕೊನೆಯ ಸಲ ಮಾತಾಡಿದ್ದು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ. ಹಗಲು ಒದ್ದೆಯಾಗುವುದು ಕಡಿಮೆಯಾಗಿದೆ, ರಾತ್ರಿ ಇನ್ನೂ ಇದೆ. ಸುಧಾ ಈಗಲೂ ಕಿರುಚುತ್ತಾರೆ. "ಆದರೆ ವಾಪಸ್ ಹೋಗ್ತೀನಿ ಮೇಡಂ. ಒಂದೊಂದು ಸಲ ಅವನೇ ಬಂದು, ಅಮ್ಮ ಈಗ ತಪ್ಪಾಯ್ತು ಅನ್ನು ಅಂತ ನೆನಪು ಮಾಡ್ತಾನೆ." ಬಕೆಟ್ ಅಲ್ಲೇ ಇದೆಯಂತೆ. ಒಂದು ಸಂಜೆ ಚಡ್ಡಿಗಳ ಅಡಿಯಲ್ಲಿ ಗಂಡನ ಕೆಸರು ಮೆತ್ತಿದ ಸಾಕ್ಸ್ ಸಿಕ್ಕಿತಂತೆ. ಯಾರೂ ಏನೂ ಕೇಳಲಿಲ್ಲ ಅಂದರು.