ದೇಶದ ನಿರುದ್ಯೋಗ ದರ ತಿಂಗಳಿಗೊಮ್ಮೆ ಬರುತ್ತದೆ, ಕರ್ನಾಟಕದ್ದು ಯಾಕೆ ಬರುವುದಿಲ್ಲ? ಹೋಲಿಸುವುದು ಹೇಗೆ?

ರಾಜ್ಯದ ಮಟ್ಟಕ್ಕೆ ಬಂದಾಗ ಒಂದು ತಿಂಗಳಲ್ಲಿ ಮಾತಾಡಿಸಿದ ಮನೆಗಳ ಸಂಖ್ಯೆ ಸಾಲುವುದಿಲ್ಲ, ಅದೇ ಕಾರಣ. ಕೇಂದ್ರದ ಅಂಕಿಅಂಶ ಕಚೇರಿ 2025ರಲ್ಲಿ ತನ್ನ ಶ್ರಮಶಕ್ತಿ ಸಮೀಕ್ಷೆಯನ್ನು ಮಾಸಿಕ ಮಾಡಿದಾಗ ತಿಂಗಳ ಲೆಕ್ಕವನ್ನು ಇಡೀ ದೇಶಕ್ಕೆ ಮಾತ್ರ ಕೊಟ್ಟಿತು (ಮೊದಲನೆಯದು ಏಪ್ರಿಲ್ 2025ರದ್ದು, 5.1%). ರಾಜ್ಯಗಳಿಗೆ ಮೂರು ತಿಂಗಳ ಲೆಕ್ಕ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ರಾಜ್ಯದಲ್ಲಿ ಕೆಲಸದಲ್ಲಿರುವ ಇಲ್ಲವೇ ಕೆಲಸ ಹುಡುಕುತ್ತಿರುವ 2,000 ಜನರನ್ನು ಕೇಳಿದಾಗ 80 ಮಂದಿ ನಿರುದ್ಯೋಗಿಗಳು ಸಿಕ್ಕರು ಎನ್ನಿ, ಅಂದರೆ 4%. ಆಯ್ಕೆಯಾದ ಮನೆಗಳು ಬೇರೆಯಾಗಿದ್ದರೆ, ಬರೀ ಆಕಸ್ಮಿಕದಿಂದಲೇ ಇದು ಹೆಚ್ಚುಕಡಿಮೆ 3 ಅಥವಾ 5 ಆಗಬಹುದಿತ್ತು. ಹಾಗಿರುವಾಗ ‘ಕಳೆದ ತಿಂಗಳಿಗಿಂತ ಅರ್ಧ ಶೇಕಡಾ ಏರಿತು’ ಅನ್ನುವುದು ಸುದ್ದಿಯೇ ಅಲ್ಲ. ದೇಶದ ಮಟ್ಟದಲ್ಲಿ ಲಕ್ಷಗಟ್ಟಲೆ ಜನರನ್ನು ಕೇಳುವುದರಿಂದ ಈ ಅಲುಗಾಟ ತೀರಾ ಕಡಿಮೆ.

ಹೋಲಿಸುವುದಾದರೆ ರಾಜ್ಯದ ತ್ರೈಮಾಸಿಕವನ್ನು ದೇಶದ ಅದೇ ತ್ರೈಮಾಸಿಕದ ಜೊತೆ ಇಡಿ. ಹಿಂದಿನದಕ್ಕೆ ಹೋಲಿಸುವಾಗ ಕಳೆದ ವರ್ಷದ ಅದೇ ಅವಧಿ ತೆಗೆದುಕೊಳ್ಳಿ. ಮುಂಗಾರು ಬಿತ್ತನೆಯ ಜೂನ್-ಜುಲೈಯನ್ನು ಬಿರುಬೇಸಿಗೆಯ ಪಕ್ಕ ಇಟ್ಟರೆ ಕಾಣುವುದು ಮಳೆಯೇ ಹೊರತು ಆರ್ಥಿಕತೆಯಲ್ಲ. ನೆರೆಹೊರೆಯ ವಿಷಯದಲ್ಲೂ ಜಾಗ್ರತೆ: ಕೇರಳದ ದರ ವರ್ಷಗಳಿಂದ ನಮಗಿಂತ ಮೇಲಿದೆ, ಓದಿದವರು ತಕ್ಕ ಕೆಲಸಕ್ಕೆ ಕಾಯುವುದು ಅಲ್ಲಿ ಹೆಚ್ಚು.

ಇನ್ನೊಂದು ಮಾತು. ಮಾಸಿಕ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ಕೂಲಿಗೆ ಅಡಿಕೆ ಸುಲಿದವರೂ ಉದ್ಯೋಗಸ್ಥರೇ!