ನಾಲ್ಕು ವರ್ಷ ಮಡಕೆ ಬಿಡಿಸೋದಕ್ಕಾ?

ಹರಿಹರದ ಕಡೆಯಿಂದ ಪ್ರೌಢಶಾಲೆಯ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಮಗಳು ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ಆದರೆ ದೃಶ್ಯಕಲೆಯ ಪದವಿ ಬಿ.ವಿ.ಎ.ಗೇ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳಂತೆ. "ನಾಲ್ಕು ವರ್ಷ ಮಡಕೆ, ಹಣ್ಣು ಬಿಡಿಸುತ್ತಾ ಕೂತರೆ ಹೊಟ್ಟೆಗೇನು? ಬೆಂಗಳೂರಿನಲ್ಲಿ ಒಂದು ವರ್ಷದ ಅನಿಮೇಷನ್ ಡಿಪ್ಲೊಮಾ ಮಾಡಿಸಿ, ಜೊತೆಗೆ ಆನ್‌ಲೈನ್‌ನಲ್ಲಿ ಆರ್ಟ್ ಥೆರಪಿ (ಚಿತ್ರಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ) ಸರ್ಟಿಫಿಕೇಟ್ ಕೊಡಿಸಿದರೆ ಸಾಕಲ್ಲವೇ?" ಇದು ಅವರ ಪ್ರಶ್ನೆ.

ಮೇಷ್ಟ್ರೇ, ನಿಮ್ಮ ಚಿಂತೆ ಸಹಜ. ತಿಂಗಳ ಸಂಬಳದಲ್ಲಿ ಮನೆ ನಡೆಸುವವರು ಮಕ್ಕಳ ದುಡಿಮೆಯ ಬಗ್ಗೆ ಯೋಚಿಸಲೇಬೇಕು. ಅನಿಮೇಷನ್‌ನಲ್ಲಿ ಕೆಲಸ ಇರುವುದೂ ನಿಜ. ನಮ್ಮ ಸರ್ಕಾರ 2012ರಲ್ಲೇ ಅದಕ್ಕೊಂದು ನೀತಿ ತಂದಿತ್ತು. ಇಷ್ಟು ಒಪ್ಪುತ್ತೇನೆ. ಆದರೆ ಮಡಕೆ ಬಿಡಿಸುವುದು ದಂಡ ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

ಒಂದು ಮಡಕೆಯನ್ನು ಮೇಜಿನ ಮೇಲಿಟ್ಟು ನೋಡಿ. ಮೇಲಿನಿಂದ ಬಗ್ಗಿ ನೋಡಿದರೆ ಅದರ ಬಾಯಿ ವೃತ್ತ. ಕುರ್ಚಿಯಲ್ಲಿ ಕೂತು ನೋಡಿದರೆ ದೀರ್ಘವೃತ್ತ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬರೀ ಒಂದು ಗೆರೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಿ.ವಿ.ಎ. ಮೊದಲ ವರ್ಷದಲ್ಲಿ ಮಕ್ಕಳು ವಸ್ತುಚಿತ್ರ, ಪ್ರಕೃತಿ ಅಧ್ಯಯನ, ಎದುರು ಕೂತ ಮನುಷ್ಯನ ಚಿತ್ರ, ಜೇಡಿಮಣ್ಣಿನ ಕೆಲಸ ಅಂತ ದಿನವಿಡೀ ಒದ್ದಾಡುವುದು ಇದಕ್ಕೇ. ಕಣ್ಣು ಕಂಡದ್ದನ್ನು ಕೈ ಒಪ್ಪಿಕೊಳ್ಳಬೇಕು. ಅದಕ್ಕೆ ಕಾಲ ಬೇಕು, ಪಕ್ಕದಲ್ಲಿ ನಿಂತು ತಿದ್ದುವ ಗುರು ಬೇಕು.

ಅನಿಮೇಷನ್ ನಿಂತಿರುವುದೂ ಇದರ ಮೇಲೇ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ 12 ಚಿತ್ರ ಬೇಕು. ಮುದುಕಿಯೊಬ್ಬಳು ಬಿಂದಿಗೆ ಎತ್ತುವಾಗ ಭಾರ ಸೊಂಟದಿಂದ ಹೆಗಲಿಗೆ ಹೇಗೆ ಹೋಗುತ್ತದೆ ಅನ್ನುವುದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ. ಅದನ್ನು ನೋಡಿ, ನೂರಾರು ಸಲ ಬರೆದೇ ಕಲಿಯಬೇಕು. ಡಿಸ್ನಿ ಸ್ಟುಡಿಯೊದವರು 1932ರಲ್ಲಿ ಡಾನ್ ಗ್ರಹಾಂ ಎಂಬ ಕಲಾಶಾಲೆಯ ಮೇಷ್ಟ್ರನ್ನು ಕರೆಸಿ, ಸಂಬಳಕ್ಕೆ ದುಡಿಯುತ್ತಿದ್ದ ಕಲಾವಿದರಿಗೇ ಮತ್ತೆ ಡ್ರಾಯಿಂಗ್ ಪಾಠ ಶುರು ಮಾಡಿಸಿದರು. 1942ರ 'ಬ್ಯಾಂಬಿ' ಸಿನಿಮಾಕ್ಕಾಗಿ ಸ್ಟುಡಿಯೊಗೆ ಜಿಂಕೆಮರಿಗಳನ್ನೇ ತಂದಿಟ್ಟುಕೊಂಡು, ಅವುಗಳ ಮೂಳೆ, ಸ್ನಾಯುಗಳನ್ನು ಅಭ್ಯಾಸ ಮಾಡಿದರು. ಅದೇ ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಬಾಂಬೆಯಲ್ಲಿದ್ದ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ಕಲಿಸಿದರು. ಭಾರತದ ಅನಿಮೇಷನ್‌ನ ಪಿತಾಮಹ ಅನ್ನಿಸಿಕೊಂಡ ರಾಮ್ ಮೋಹನ್ ಪಳಗಿದ್ದು ಅಲ್ಲಿ. ಅಷ್ಟು ದುಡ್ಡಿದ್ದ ಸ್ಟುಡಿಯೊಗೇ ಪೆನ್ಸಿಲ್ ಬಿಟ್ಟು ಅಡ್ಡದಾರಿ ಸಿಗಲಿಲ್ಲ.

ಇನ್ನು ಆರ್ಟ್ ಥೆರಪಿ. ಇಲ್ಲಿ ಸ್ವಲ್ಪ ಗದರಲೇಬೇಕು, ಬೇಜಾರು ಮಾಡ್ಕೋಬೇಡಿ. ಏಡ್ರಿಯನ್ ಹಿಲ್ ಎಂಬ ಇಂಗ್ಲೆಂಡಿನ ಚಿತ್ರಕಾರ 1938ರಲ್ಲಿ ಕ್ಷಯ ಬಂದು ಸ್ಯಾನಟೋರಿಯಮ್ ಸೇರಿದ್ದರು. ಮಲಗಿದಲ್ಲಿಂದಲೇ ಚಿತ್ರ ಬರೆಯುತ್ತಾ ತಾವೂ ಚೇತರಿಸಿಕೊಂಡರು, ಆಮೇಲೆ ಅಕ್ಕಪಕ್ಕದ ರೋಗಿಗಳ ಕೈಗೂ ಬಣ್ಣ ಕೊಟ್ಟರು. 'ಆರ್ಟ್ ಥೆರಪಿ' ಎಂಬ ಹೆಸರು 1942ರಲ್ಲಿ ಅವರಿಂದಲೇ ಬಂತು. ಅವರು ಮೊದಲು ಚಿತ್ರಕಾರ ಅನ್ನುವುದನ್ನು ಗಮನಿಸಿ. ಇವತ್ತು ಬ್ರಿಟನ್ನಿನಲ್ಲಿ 'ಆರ್ಟ್ ಥೆರಪಿಸ್ಟ್' ಎಂಬ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಮಾಸ್ಟರ್ಸ್ ಮಟ್ಟದ ಓದು, ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಹಿರಿಯರ ಉಸ್ತುವಾರಿಯಲ್ಲಿ ತರಬೇತಿ, ಆಮೇಲೆ ನೋಂದಣಿ. ಎದುರಿಗೆ ಕೂರುವುದು ನೊಂದ ಮಗು, ಸಾಯಬೇಕು ಅಂದುಕೊಂಡ ಹುಡುಗ. ಅಂಥವರ ಮುಂದೆ ನಿಮ್ಮ ಮಗಳನ್ನು ನಾಲ್ಕು ವಾರದ ಸರ್ಟಿಫಿಕೇಟ್ ಕೊಟ್ಟು ಕೂರಿಸುತ್ತೀರಾ? ಅವಳಿಗೆ ಆ ಕಡೆ ಒಲವಿದ್ದರೆ ಬಿ.ವಿ.ಎ. ಮುಗಿಸಲಿ, ಜೊತೆಜೊತೆಗೆ ಮನಶ್ಶಾಸ್ತ್ರ ಓದಿಕೊಳ್ಳಲಿ, ಆಮೇಲೆ ನೋಡೋಣ.

ನಮ್ಮಲ್ಲಿ ಕಾಲೇಜುಗಳಿಗೇನು ಬರವೇ? ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ. ನಿಮಗಂತೂ ಬಸ್ಸು ಹತ್ತಿದರೆ ದಾವಣಗೆರೆಯ ದೃಶ್ಯಕಲಾ ಕಾಲೇಜು. ಅದು ಇಷ್ಟು ಹತ್ತಿರ ಇದ್ದೂ ನಿಮ್ಮ ಪತ್ರದಲ್ಲಿ ಅದರ ಹೆಸರೇ ಬಂದಿಲ್ಲ, ಬಂದದ್ದು ಬೆಂಗಳೂರಿನ ಡಿಪ್ಲೊಮಾ. ಓದಿ ಮನಸ್ಸಿಗೆ ಕಷ್ಟವಾಯಿತು. ತಪ್ಪು ನಿಮ್ಮೊಬ್ಬರದೇ ಅಲ್ಲ. ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಶಾಲೆಗಳು ಎಷ್ಟಿಲ್ಲ? ಮೇಷ್ಟ್ರಿದ್ದ ಕಡೆ ಪರೀಕ್ಷೆ ಹತ್ತಿರ ಬಂದರೆ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತಕ್ಕೋ ಸೈನ್ಸಿಗೋ ಕೊಟ್ಟುಬಿಡುತ್ತಾರೆ, ಅಲ್ವಾ? ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ಮಕ್ಕಳನ್ನು ಮನೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಜನವರಿಯ ಚಿತ್ರಸಂತೆಗೆ ಬೆಂಗಳೂರಿನ ಕುಮಾರಕೃಪ ರಸ್ತೆ ತುಂಬಿ ತುಳುಕುತ್ತದೆ, ಸಂತೋಷ. ಉಳಿದ ದಿನ ಗ್ಯಾಲರಿಗಳಿಗೆ ಹೋಗಿ ನೋಡಿ, ಕಾವಲಿನವರು ಬಿಟ್ಟರೆ ಜಾಸ್ತಿ ಜನ ಇರುವುದಿಲ್ಲ.

ಪತ್ರಿಕೆಗಳ ಮೇಲೂ ನನಗೆ ಸಿಟ್ಟಿದೆ. ಆರ್.ಎಂ. ಹಡಪದ ಅವರ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೂ ಹೋಗಿಬಂದ ಚಂದ್ರನಾಥ ಆಚಾರ್ಯರು ಪ್ರಜಾವಾಣಿ, ಸುಧಾ ಬಳಗದಲ್ಲಿ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ ಕಾಲದಲ್ಲಿ ಚಿತ್ರ ನೋಡಿ ಕಥೆ ಓದಲು ಕೂತವರಲ್ಲಿ ನಾನೂ ಒಬ್ಬ. ಈಗ ಎಷ್ಟೋ ಕಡೆ ಕಂಪ್ಯೂಟರಿಗೆ ಎರಡು ಸಾಲು ಹೇಳಿ ಚಿತ್ರ ಮಾಡಿಸಿಕೊಳ್ಳುತ್ತಾರೆ. ಹಳ್ಳಿಯ ಅಜ್ಜಿಗೆ ಉತ್ತರ ಭಾರತದ ಸೆರಗು ಬಂದಿರುತ್ತದೆ, ಕೈಯಲ್ಲಿ ಆರು ಬೆರಳಿರುತ್ತದೆ, ಯಾರೂ ಕೇಳುವುದಿಲ್ಲ. ಕಲಾವಿದರಿಗೆ ಕೊಡಬೇಕಾದ ಸಣ್ಣ ಸಂಭಾವನೆ ಉಳಿಸುವುದಕ್ಕೆ ಇಷ್ಟೆಲ್ಲ.

ಒಂದು ಮಾತು ಕೇಳಲೇ? ಇಷ್ಟು ದೊಡ್ಡ ಪತ್ರ ಬರೆದಿದ್ದೀರಿ, ಮಗಳು ಏನು ಬಿಡಿಸುತ್ತಾಳೆ ಅಂತ ಒಂದು ಸಾಲೂ ಇಲ್ಲ. ಇವತ್ತು ಸಂಜೆ ಅವಳ ಸ್ಕೆಚ್ ಪುಸ್ತಕ ಕೇಳಿ ತೆಗೆದುಕೊಂಡು, ಪಕ್ಕದಲ್ಲಿ ಕೂತು ನೋಡಿ. ಪ್ರವೇಶ ಪರೀಕ್ಷೆಗೆ ಅದೇ ಪುಸ್ತಕ ಬೇಕಾಗುತ್ತದೆ. ಅವಳು ಒಪ್ಪಿದರೆ ನಾಲ್ಕು ಹಾಳೆ ನಮಗೂ ಕಳಿಸಿ. ಯುಗಾದಿ ಸಂಚಿಕೆಯ ಕಥೆಗಳಿಗೆ ಚಿತ್ರ ಬೇಕಿದೆ, ಸಂಭಾವನೆ ಕೊಡುತ್ತೇವೆ.

– ಸಂಪಾದಕ